ತವರಿಗೆ ಹೊರಟ ಚೊಚ್ಚಲ ಬಸುರಿಗೆ: ಏಳು ತುಂಬಿದ ಮೇಲಿನ ಮೂರು ತಿಂಗಳು

ನನ್ನ ಸೀಮಂತದ ದಿನ ಬೆಳಿಗ್ಗೆಯಿಂದ ಮನೆ ತುಂಬ ಜನ. ಎರಡು ಕೈಗೂ ಹಸಿರು ಗಾಜಿನ ಬಳೆ, ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು. ಒಬ್ಬರಾದ ಮೇಲೆ ಒಬ್ಬರು ಬಂದು ಅರಿಶಿನ ಕುಂಕುಮ ಹಚ್ಚಿದರು, ಆರತಿ ಎತ್ತಿದರು. ರಾತ್ರಿ ಎಂಟರ ಹೊತ್ತಿಗೆ ಮಂಚಕ್ಕೆ ಒರಗಿದಾಗ ಥಟ್ಟನೆ ಹೊಳೆಯಿತು. ಮಧ್ಯಾಹ್ನದಿಂದ ಮಗು ಒದ್ದೇ ಇಲ್ಲ.

ಒಂದು ಗಂಟೆ ಸುಮ್ನೆ ಮಲಗಿದ್ದೆ. ಇಷ್ಟು ಸಂಭ್ರಮದ ದಿನ ಹೇಗೆ ಹೇಳೋದು ಅನ್ನುವ ಸಂಕೋಚ. ಕೊನೆಗೆ ಅಮ್ಮನನ್ನು ಕರೆದು ಹೇಳಿದೆ. ಆಸ್ಪತ್ರೆಯಲ್ಲಿ ನರ್ಸಮ್ಮ ಹೊಟ್ಟೆಗೆ ಜೆಲ್ ಹಚ್ಚಿ ಯಂತ್ರ ಇಟ್ಟಾಗ ಕುದುರೆ ಓಡುವ ಹಾಗೆ ಎದೆಬಡಿತ ಕೇಳಿಸಿತು. ನಿಮಿಷಕ್ಕೆ 142. ಅದು 110ರಿಂದ 160ರ ಒಳಗಿರಬೇಕು. ಡಾಕ್ಟರ್ ಬೈಯಲಿಲ್ಲ. "ಬಂದದ್ದು ಒಳ್ಳೇದಾಯ್ತು ಕಣಮ್ಮ. ನಾಳೆ ಮತ್ತೆ ಹೀಗೇ ಅನ್ನಿಸಿದ್ರೆ ನಾಳೆನೂ ಬಾ" ಅಂದರು.

ಈ ಬರಹ ಬರೆಯಲು ಆ ಒಂದು ಗಂಟೆಯೇ ಕಾರಣ. ಕೊನೆಯ ಮೂರು ತಿಂಗಳಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳಿಗೆ ದೊಡ್ಡ ಅಡ್ಡಿಯೆಂದರೆ ಈ ಸಂಕೋಚವೇ. ಏನು ಸಹಜ, ಯಾವುದಕ್ಕೆ ಓಡಬೇಕು ಅಂತ ಮೊದಲೇ ಗೊತ್ತಿದ್ದರೆ ಅದು ಅರ್ಧ ಕರಗುತ್ತದೆ.

1. ಮೊದಲು ವಾರದ ಲೆಕ್ಕ ಸರಿ ಮಾಡಿಕೊಳ್ಳಿ

ಮನೆಯಲ್ಲಿ ತಿಂಗಳ ಲೆಕ್ಕ, ಆಸ್ಪತ್ರೆಯಲ್ಲಿ ವಾರದ ಲೆಕ್ಕ. ಕೊನೆಯ ಸಲ ಮುಟ್ಟಾದ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಜೂನ್ 10ಕ್ಕೆ ಮುಟ್ಟಾಗಿದ್ದರೆ ಮಾರ್ಚ್ 17. ನಮ್ಮಜ್ಜಿಯರು ಹೇಳುತ್ತಿದ್ದ "ಒಂಬತ್ತು ತಿಂಗಳು ಒಂಬತ್ತು ದಿನ" ಎಷ್ಟು ಹತ್ತಿರ ಇದೆ ನೋಡಿ! ಮುಟ್ಟು ಹಿಂದೆಮುಂದೆ ಆಗುವವರು ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗಿನ ದಿನಾಂಕವನ್ನೇ ನಂಬಬೇಕು. ಕೊನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಬೇರೆ ದಿನಾಂಕ ಕಂಡರೆ ಗಾಬರಿ ಬೇಡ. ಅದು ಮಗುವಿನ ಗಾತ್ರ ನೋಡಿ ಹಾಕಿದ ಅಂದಾಜು.

28ನೇ ವಾರದಿಂದ ಕೊನೆಯ ಹಂತ ಶುರು. ಆಗ ಮಗು ಸುಮಾರು ಒಂದು ಕೆಜಿ ಇರುತ್ತದೆ. ಹುಟ್ಟುವಾಗ ಎರಡೂವರೆ ಕೆಜಿಗಿಂತ ಜಾಸ್ತಿ ಇರಬೇಕು. ಅಂದರೆ ಇನ್ನು ಮೂರು ತಿಂಗಳಲ್ಲಿ ಅದರ ತೂಕ ಎರಡೂವರೆ, ಮೂರು ಪಟ್ಟು ಆಗಬೇಕು. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅವಧಿಗೆ ಮೊದಲು ಅಂತ ಲೆಕ್ಕ. ಡಾಕ್ಟರ್ ಕೊಟ್ಟ ದಿನದಂದೇ ಹೆರಿಗೆ ಆಗುವುದು ನೂರರಲ್ಲಿ ನಾಲ್ಕೈದು ಮಂದಿಗೆ ಮಾತ್ರ. ಹಾಗಾಗಿ ಒಂದು ದಿನಕ್ಕಲ್ಲ, ಹಿಂದೆ ಎರಡು ವಾರ, ಮುಂದೆ ಒಂದು ವಾರಕ್ಕೆ ತಯಾರಿರಿ.

2. ತವರಿಗೆ ಯಾವಾಗ ಹೊರಡಬೇಕು, ಏನೇನು ಒಯ್ಯಬೇಕು

ಚೊಚ್ಚಲ ಹೆರಿಗೆ ತವರಲ್ಲೇ ಅನ್ನುವುದು ನಮ್ಮಲ್ಲಿ ರೂಢಿ. ಅಮ್ಮನ ಕೈಯ ಊಟ, ಬಾಣಂತನ, ಯಾರಿಗೂ ಅಂಜದೆ ಮಲಗುವ ಮಂಚ, ಎಲ್ಲ ಸಿಗುತ್ತದೆ. ಆದರೆ ಊರು ಬದಲಾದರೆ ಡಾಕ್ಟರೂ ಬದಲಾಗುತ್ತಾರೆ. ಏಳು ತಿಂಗಳು ನಿಮ್ಮನ್ನು ನೋಡಿದವರು ಒಬ್ಬರು, ಹೆರಿಗೆ ಮಾಡಿಸುವವರು ಇನ್ನೊಬ್ಬರು. ನಡುವೆ ಮಾಹಿತಿ ಕಳೆದುಹೋಗಬಾರದು.

34ನೇ ವಾರದ ಒಳಗೆ ತವರು ಸೇರಿಕೊಳ್ಳಿ ಅಂತ ನಾನು ಹೇಳುತ್ತೇನೆ. ಹೊಸ ಆಸ್ಪತ್ರೆಯಲ್ಲಿ ಎರಡು ಮೂರು ಸಲವಾದರೂ ತೋರಿಸಲು ಸಮಯ ಸಿಗಬೇಕಲ್ವಾ? ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ಬಿಪಿ ಜಾಸ್ತಿ ಇದ್ದವರು, ರಕ್ತ ಹೋದವರು, ಅವಳಿ ಇರುವವರು ಕೇಳದೆ ಹೊರಡಲೇಬಾರದು. ಬಸ್ಸಿನಲ್ಲಾದರೆ ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಮುಂದೆ ಕೂರಿ. ಕಾರಿನಲ್ಲಿ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲೆ ಬರಬಾರದು. ಹೊಟ್ಟೆಯ ಅಡಿಯಲ್ಲಿ, ತೊಡೆಯ ಮೇಲ್ಭಾಗಕ್ಕೆ ಕೂರಬೇಕು. ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ವಿಮಾನದವರು ಸಾಮಾನ್ಯವಾಗಿ ಈ ಹಂತದಲ್ಲಿ ಡಾಕ್ಟರ ಪತ್ರ ಕೇಳುತ್ತಾರೆ.

ಮಲೆನಾಡು, ಕರಾವಳಿ ಕಡೆಯವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ದಿನ ತುಂಬುವುದಾದರೆ ರಸ್ತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗುವುದು ಹೊಸದಲ್ಲ. ಒಂಟಿ ಮನೆ, ಹಳ್ಳ ದಾಟುವ ದಾರಿ ಇದ್ದರೆ ದಿನ ತುಂಬುವ ಎರಡು ವಾರ ಮುಂಚೆಯೇ ಪೇಟೆಯಲ್ಲಿರುವ ನೆಂಟರ ಮನೆಗೆ ಬಂದುಬಿಡಿ.

ಕಾಗದಗಳೆಲ್ಲ ಒಂದೇ ಫೈಲಿನಲ್ಲಿರಲಿ. ತಾಯಿ ಕಾರ್ಡ್, ರಕ್ತದ ಗುಂಪಿನ ರಿಪೋರ್ಟ್, ಎಲ್ಲಾ ಸ್ಕ್ಯಾನಿಂಗ್, ಮಾತ್ರೆ ಚೀಟಿ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್. ಎಲ್ಲದರ ಫೋಟೋ ತೆಗೆದು ಗಂಡನ ಫೋನಿನಲ್ಲೂ ಅಮ್ಮನ ಫೋನಿನಲ್ಲೂ ಇಡಿ. ತವರಿಗೆ ಹೋದ ವಾರವೇ ಅಲ್ಲಿನ ಆಶಾ ಕಾರ್ಯಕರ್ತೆಗೂ ಅಂಗನವಾಡಿಗೂ ಹೆಸರು ಕೊಡಿ. ಮಾತೃಪೂರ್ಣ ಯೋಜನೆಯ ಬಿಸಿಯೂಟ 2017ರಿಂದ ಅಂಗನವಾಡಿಗಳಲ್ಲಿ ಸಿಗುತ್ತಿದೆ. ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಕೊಡುತ್ತಾರೆ. ಬೇಡ ಅನ್ನಬೇಡಿ. ಅದು ನಿಮ್ಮ ಹಕ್ಕು.

ಕೆಲಸಕ್ಕೆ ಹೋಗುವವರಿಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಕಾನೂನಿನಲ್ಲಿದೆ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆ ಹಾಕಬಹುದು. ಅರ್ಜಿಯನ್ನು ಬರಹದಲ್ಲೇ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ.

3. ಮೈಯಲ್ಲಿ ಏನೇನಾಗುತ್ತದೆ

ಎದೆಯುರಿ ಬರುತ್ತದೆ. ಗರ್ಭಕೋಶ ಹೊಟ್ಟೆಯನ್ನು ಮೇಲಕ್ಕೆ ಒತ್ತುವುದರಿಂದ ಹುಳಿ ಗಂಟಲಿಗೆ ಏರುತ್ತದೆ. ಮೂರು ದೊಡ್ಡ ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿ, ಉಂಡ ತಕ್ಷಣ ಮಲಗಬೇಡಿ. ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿ ನಾಲ್ಕು ಸಲ ಬಚ್ಚಲಿಗೆ. ನಿದ್ದೆಯಲ್ಲಿ ಮೀನಖಂಡ ಹಿಡಿದುಕೊಂಡರೆ ಕಾಲು ಚಾಚಿ, ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಸಂಜೆ ಹೊತ್ತಿಗೆ ಪಾದ ಊದುವುದೂ ಸಹಜ. ಬೆರಳು ಊದಿ ಉಂಗುರ ಸಿಕ್ಕಿಕೊಳ್ಳುವ ಮೊದಲೇ ತೆಗೆದಿಡಿ. ಸಿಸೇರಿಯನ್ ಆಗುವುದಾದರೆ ಬಳೆ, ಉಂಗುರ, ಕಾಲುಂಗುರ ಎಲ್ಲ ತೆಗೆಸುತ್ತಾರೆ. ಆ ಗಡಿಬಿಡಿಯಲ್ಲಿ ಸೀಮಂತದ ಬಳೆ ಒಡೆದರೆ ಮನಸ್ಸಿಗೆ ಚುಚ್ಚುತ್ತದೆ. ಮೊದಲೇ ಸೋಪಿನ ನೀರು ಹಚ್ಚಿ ನಿಧಾನಕ್ಕೆ ಜಾರಿಸಿ ಎತ್ತಿಡಿ.

ಮಲಗುವಾಗ ಮಗ್ಗುಲಾಗಿ ಮಲಗಿ. ಎಡಮಗ್ಗುಲು ಒಳ್ಳೆಯದು, ಬಲವೂ ಪರವಾಗಿಲ್ಲ. 28 ವಾರದ ಮೇಲೆ ಅಂಗಾತ ಮಲಗಿ ನಿದ್ದೆ ಮಾಡುವುದು ಬೇಡ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಎಚ್ಚರವಾದಾಗ ಅಂಗಾತ ಇದ್ದರೆ ಹೆದರಬೇಡಿ, ಮಗ್ಗುಲಿಗೆ ಹೊರಳಿದರೆ ಸಾಕು.

ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ, ಅರ್ಧ ನಿಮಿಷ ಬಿಟ್ಟು ಸಡಿಲವಾಗುವುದನ್ನು ಸುಳ್ಳು ನೋವು ಅನ್ನುತ್ತಾರೆ. ನೀರು ಕುಡಿದು ಮಲಗಿದರೆ ನಿಲ್ಲುತ್ತದೆ. ಅದು ಅಪಾಯವಲ್ಲ.

ಹೆದರಿಕೆ, ಸುಮ್ಮಸುಮ್ಮನೆ ಅಳು, ಅದೂ ಈ ದಿನಗಳದ್ದೇ. ನೋಡಲು ಬಂದವರೆಲ್ಲ ತಮ್ಮ ತಮ್ಮ ಹೆರಿಗೆಯ ಕಷ್ಟ ಹೇಳಿಹೋಗುತ್ತಾರೆ. ಸಾಕು ಅಂತ ಎದ್ದುಹೋಗಲು ನಿಮಗೆ ಪೂರ್ತಿ ಹಕ್ಕಿದೆ. ಎರಡು ವಾರ ಆದರೂ ಮನಸ್ಸು ಮಂಕಾಗಿಯೇ ಇದ್ದರೆ, ಊಟ ನಿದ್ದೆ ಬೇಡವಾದರೆ ಡಾಕ್ಟರಿಗೆ ಹೇಳಿ. ಗಂಡ ಹೆಂಡತಿ ಕೂಡುವ ವಿಚಾರವನ್ನೂ ಹಾಗೆಯೇ ಕೇಳಿ. ರಕ್ತ ಹೋಗದೆ, ನೀರು ಒಡೆಯದೆ, ಡಾಕ್ಟರ್ ಬೇಡ ಅನ್ನದೆ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

4. ಮಗುವಿನ ಒದೆತ ಎಣಿಸುವುದು

ಇದನ್ನು ದಿನಾ ಮಾಡಿ. ಮಗು ಚುರುಕಾಗಿರುವ ಹೊತ್ತು, ಹೆಚ್ಚಿನವರಿಗೆ ರಾತ್ರಿ ಊಟದ ಮೇಲೆ, ಎಡಮಗ್ಗುಲಿಗೆ ಮಲಗಿ. ಟಿವಿ, ಮೊಬೈಲ್ ಬೇಡ. ಹೊಟ್ಟೆಯ ಮೇಲೆ ಕೈ ಇಟ್ಟು ಒದೆತ, ಹೊರಳಾಟ, ಗುದ್ದು ಯಾವುದಾದರೂ ಸರಿ, ಎಣಿಸಿ. ಎರಡು ಗಂಟೆಯೊಳಗೆ ಹತ್ತು ಆಗಬೇಕು. ಬಹಳ ಸಲ ಅರ್ಧ ಗಂಟೆಯಲ್ಲೇ ಆಗಿಬಿಡುತ್ತದೆ. ನಾನು ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕ "8.40 – 9.05" ಅಂತ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆ. ಒಂದೇ ಸಮನೆ ಟಕ್ ಟಕ್ ಅನ್ನುವುದು ಮಗುವಿನ ಬಿಕ್ಕಳಿಕೆ, ಅದನ್ನು ಎಣಿಸಬೇಡಿ.

ಸಂಖ್ಯೆಗಿಂತ ನಿಮ್ಮ ಮಗುವಿನ ರೂಢಿ ಮುಖ್ಯ. "ಒಂಬತ್ತರಲ್ಲಿ ಜಾಗ ಇರಲ್ಲ, ಒದೆಯೋದು ಕಮ್ಮಿಯಾಗುತ್ತೆ" ಅನ್ನುವ ಮಾತನ್ನು ನಂಬಬೇಡಿ. ಒದೆತದ ಬಗೆ ಬದಲಾಗುತ್ತದೆ, ಹೊರಳಾಟ ಜಾಸ್ತಿಯಾಗುತ್ತದೆ, ಆದರೆ ಚಲನೆ ಕಡಿಮೆಯಾಗಬಾರದು. ಕಡಿಮೆ ಅನ್ನಿಸಿದರೆ ಬೆಳಗಾಗುವವರೆಗೆ ಕಾಯಬೇಡಿ, ರಾತ್ರಿಯೇ ಹೋಗಿ.

5. ಊಟ, ಮಾತ್ರೆ ಮತ್ತು ಹಿರಿಯರ ಮಾತು

"ಜಾಸ್ತಿ ತಿಂದ್ರೆ ಮಗು ದಪ್ಪ ಆಗುತ್ತೆ, ಹೆರಿಗೆ ಕಷ್ಟ" ಅಂತ ಅನ್ನ ಕಡಿಮೆ ಮಾಡಿಸುವವರು ಇನ್ನೂ ಇದ್ದಾರೆ. ಇದರಿಂದ ತಾಯಿಗೆ ರಕ್ತ ಕಡಿಮೆ, ಮಗುವಿಗೆ ತೂಕ ಕಡಿಮೆ. ಈ ತಿಂಗಳುಗಳಲ್ಲಿ ವಾರಕ್ಕೆ ಸುಮಾರು ಅರ್ಧ ಕೆಜಿ ನಿಮ್ಮ ತೂಕ ಏರುವುದು ಸರಿಯಾದದ್ದೇ. ರಾಗಿ ಮುದ್ದೆಯೋ ಜೋಳದ ರೊಟ್ಟಿಯೋ, ನಿಮ್ಮ ಮನೆಯ ಊಟವೇ ಇರಲಿ. ಜೊತೆಗೆ ದಿನಾ ಒಂದು ಸೊಪ್ಪು, ಒಂದು ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಸೇರಲಿ. ನುಗ್ಗೆಸೊಪ್ಪಿನ ಪಲ್ಯಕ್ಕೆ ಕೊನೆಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಕಾಫಿ ಟೀ ಕುಡಿದರೆ ಹತ್ತುವುದಿಲ್ಲ.

ಐರನ್ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಅನ್ನುವುದು ಸುಳ್ಳು. ಕಪ್ಪಾಗುವುದು ಮಲ ಮಾತ್ರ. ಕೇಸರಿ ಹಾಲು ಕುಡಿದರೆ ಬೆಳ್ಳಗಾಗುತ್ತದೆ ಅನ್ನುವುದೂ ಅಷ್ಟೇ ಸುಳ್ಳು, ಬಣ್ಣ ಅಪ್ಪ ಅಮ್ಮನಿಂದ ಬರುವಂಥದ್ದು. ಐರನ್ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಬಿಡಿ. ಹೊಟ್ಟೆ ತೊಳಸಿದರೆ ಐರನ್ ಅನ್ನು ರಾತ್ರಿ ಊಟದ ಮೇಲೆ ತೆಗೆದುಕೊಳ್ಳಿ. ಮಲಬದ್ಧತೆಗೆ ನೀರು, ಸಿಪ್ಪೆ ಸಮೇತ ತಿನ್ನುವ ಹಣ್ಣು, ಸಂಜೆ ನಡಿಗೆ. ಗ್ರಹಣದ ದಿನ ಉಪವಾಸ ಕೂರಬೇಡಿ. ಹೊರಗೆ ಬರದೆ ಇರುವುದು ನಿಮ್ಮ ನಂಬಿಕೆ, ಆದರೆ ನೀರು, ಊಟ, ಮಾತ್ರೆ ತಪ್ಪಬಾರದು.

6. ಚೆಕಪ್‌ನಲ್ಲಿ ಏನು ನೋಡುತ್ತಾರೆ, ನೀವು ಏನು ಕೇಳಬೇಕು

ಹದಿನೈದು ದಿನಕ್ಕೊಮ್ಮೆ, 36ರ ಮೇಲೆ ವಾರಕ್ಕೊಮ್ಮೆ ಕರೆಯುತ್ತಾರೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ವಿಶೇಷ ತಪಾಸಣೆ ಇರುತ್ತದೆ. ಪ್ರತಿ ಸಲ ಬಿಪಿ, ತೂಕ, ಮೂತ್ರ, ಮಗುವಿನ ಎದೆಬಡಿತ ನೋಡಬೇಕು. ನೋಡಿದ್ದನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಬಿಪಿ 140/90 ದಾಟಿದರೆ ಗಮನ ಬೇಕು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮಾತ್ರೆಯಿಂದ ಏರದಿದ್ದರೆ ಐರನ್ ಡ್ರಿಪ್ ಹಾಕುತ್ತಾರೆ. ಹೆರಿಗೆಯ ಹೊತ್ತಿಗೆ ಓಡಾಡುವ ಬದಲು ಈಗಲೇ ಕೇಳಿ. ನಿಮ್ಮ ರಕ್ತ ನೆಗೆಟಿವ್ ಗುಂಪಿನದಾಗಿದ್ದು ಗಂಡನದು ಪಾಸಿಟಿವ್ ಇದ್ದರೆ 28ನೇ ವಾರದ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ನೀವೇ ನೆನಪಿಸಿ. ಸಕ್ಕರೆ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಅದೂ ಈಗಲೇ ಆಗಲಿ.

36ನೇ ವಾರದಲ್ಲಿ ಮೂರು ಪ್ರಶ್ನೆ ಕೇಳಿ. ಮಗುವಿನ ತಲೆ ಕೆಳಗಿದೆಯಾ? ಕಸ (ಮಾಸು, ಅಂದರೆ ಪ್ಲಸೆಂಟಾ) ಎಲ್ಲಿದೆ, ಗರ್ಭಕೋಶದ ಬಾಯಿಗೆ ಅಡ್ಡ ಇದೆಯಾ? ಮಗುವಿನ ಸುತ್ತ ನೀರು ಎಷ್ಟಿದೆ? ಕುತ್ತಿಗೆಗೆ ಹೊಕ್ಕುಳ ಬಳ್ಳಿ ಸುತ್ತಿದೆ ಅಂತ ಬರೆದಿದ್ದರೆ ಅಷ್ಟಕ್ಕೇ ಸಿಸೇರಿಯನ್ ಬೇಕಿಲ್ಲ. ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಹಾಗಿರುತ್ತದೆ, ಹೆಚ್ಚಿನವು ಸಹಜವಾಗಿಯೇ ಹುಟ್ಟುತ್ತವೆ. ಹಾಗಂತ ಸಿಸೇರಿಯನ್ ಅಂದರೆ ಸೋಲು ಅಂತಲೂ ಅಲ್ಲ. ಕಸ ಬಾಯಿಗೆ ಅಡ್ಡ ಇದ್ದಾಗ, ಮಗು ಅಡ್ಡ ಮಲಗಿದ್ದಾಗ, ಎದೆಬಡಿತ ಇಳಿದಾಗ ಅದೇ ಜೀವ ಉಳಿಸುತ್ತದೆ. "ಯಾಕೆ ಬೇಕು, ಕಾಯಬಹುದಾ, ಕಾದರೆ ಏನಾಗಬಹುದು" ಅಂತ ಕೇಳಿ. ಒಳ್ಳೆಯ ಡಾಕ್ಟರ್ ಉತ್ತರ ಕೊಡುತ್ತಾರೆ.

7. ಇವು ಕಂಡರೆ ಯಾರನ್ನೂ ಕಾಯಬೇಡಿ

ಈ ಭಾಗವನ್ನು ಮನೆಯವರಿಗೂ ಓದಿ ಹೇಳಿ.

- ರಕ್ತ ಹೋಗುವುದು, ನೋವಿಲ್ಲದಿದ್ದರೂ ಸರಿ
- ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಥಟ್ಟನೆ ಊದುವುದು, ಪಕ್ಕೆಲುಬಿನ ಕೆಳಗೆ ನೋವು. ಬಿಪಿ ಏರಿ ಫಿಟ್ಸ್ ಬರುವ ಮುನ್ಸೂಚನೆ ಇದು
- ನೀರು ಹೋಗುವುದು. ಪ್ಯಾಡ್ ಇಟ್ಟು ಬಣ್ಣ ನೋಡಿ. ಹಸಿರಾಗಿದ್ದರೆ ಮಗು ಒಳಗೇ ಮಲ ಮಾಡಿದೆ ಅಂತ ಅರ್ಥ
- 37 ವಾರಕ್ಕೆ ಮೊದಲೇ ಬಿಟ್ಟು ಬಿಟ್ಟು ಬರುವ ನೋವು. ಬೇಗ ಹೋದರೆ ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಡಲು ಸಮಯ ಸಿಗುತ್ತದೆ
- ಮಗುವಿನ ಚಲನೆ ಕಡಿಮೆಯಾಗುವುದು
- ಜ್ವರ, ಉರಿಮೂತ್ರ. ದದ್ದಿಲ್ಲದೆ ಅಂಗೈ ಅಂಗಾಲು ವಿಪರೀತ ತುರಿಸುವುದು

ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಮನೆಯ ಹತ್ತಿರದ ಗುರುತು, ದೇವಸ್ಥಾನವೋ ಶಾಲೆಯೋ ಹಾಲಿನ ಡೈರಿಯೋ, ಮೊದಲೇ ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಗಾಬರಿಯಲ್ಲಿ ಅಮ್ಮನಿಗೆ ದಾರಿ ಹೇಳಲು ಬರುವುದಿಲ್ಲ.

8. ಬ್ಯಾಗ್

35ನೇ ವಾರಕ್ಕೆ ಕಟ್ಟಿಡಿ. ಫೈಲು ಮೇಲ್ಗಡೆ. ಮುಂದೆ ಗುಂಡಿ ಅಥವಾ ಜಿಪ್ ಇರುವ ಎರಡು ಮೂರು ನೈಟಿ, ದೊಡ್ಡ ಪ್ಯಾಡು, ಸಡಿಲ ಒಳಉಡುಪು, ಸ್ವೆಟರ್, ಚಪ್ಪಲಿ, ಫ್ಲಾಸ್ಕ್, ಲೋಟ, ಚಾರ್ಜರ್, ಸ್ವಲ್ಪ ನಗದು. ಮಗುವಿಗೆ ಹೊಸ ಬಟ್ಟೆಗಿಂತ ಹಳೆಯ ಕಾಟನ್ ಸೀರೆಯ ತುಂಡು ಮೆತ್ತಗಿರುತ್ತದೆ. ಒಗೆದು ಬಿಸಿಲಲ್ಲಿ ಒಣಗಿಸಿ ಹತ್ತು ಹನ್ನೆರಡು ತುಂಡು ಇಡಿ. ಟೋಪಿ, ಕಾಲುಚೀಲ ಮರೆಯಬೇಡಿ. ನನ್ನಮ್ಮ ತಮ್ಮ ಹಳೆಯ ಸೀರೆಯೊಂದನ್ನು ಹರಿದು, ಅಂಚು ಮಡಿಸಿ ಹೊಲಿದಿದ್ದರು. ನೂಲು ಮಗುವಿಗೆ ಸುತ್ತಿಕೊಳ್ಳಬಾರದು ಅಂತ.

ಯಾರ ವಾಹನ, ರಾತ್ರಿಯಾದರೆ ಯಾರು ಬರುತ್ತಾರೆ, ರಕ್ತ ಬೇಕಾದರೆ ಯಾರು ಕೊಡುತ್ತಾರೆ, ಒಳಗೆ ಜೊತೆಗಿರುವವರು ಯಾರು, ಈ ನಾಲ್ಕು ಹೆಸರು ಈಗಲೇ ಗೊತ್ತಾಗಿರಲಿ. ಹೆರಿಗೆ ಕೋಣೆಯೊಳಗೆ ಜೊತೆಗೊಬ್ಬರನ್ನು ಬಿಡುತ್ತಾರಾ ಅಂತ ಮುಂಚೆಯೇ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಊಟ ಎಲ್ಲ ಉಚಿತ.

9. ನೋವು ಶುರುವಾದಾಗ

ಕೊನೆಯ ವಾರಗಳಲ್ಲಿ ಹೊಟ್ಟೆ ಇಳಿಯುತ್ತದೆ. ಉಸಿರು ಸಲೀಸಾಗುತ್ತದೆ, ಆದರೆ ನಡೆಯುವಾಗ ಕೆಳಗೆ ಭಾರ. ಲೋಳೆಯಂಥ ಬಿಳುಪು, ಅದರಲ್ಲಿ ರಕ್ತದ ಎಳೆ ಕಾಣಬಹುದು. ಇದಾದ ಮೇಲೆ ಕೆಲವರಿಗೆ ಅದೇ ದಿನ ನೋವು, ಕೆಲವರಿಗೆ ವಾರ ಬಿಟ್ಟು.

ನಿಜವಾದ ನೋವು ಸೊಂಟದಿಂದ ಎದ್ದು ಮುಂದಕ್ಕೆ ಬರುತ್ತದೆ. ಮಲಗಿದರೂ ನಡೆದರೂ ನಿಲ್ಲುವುದಿಲ್ಲ. ಹೋಗ್ತಾ ಹೋಗ್ತಾ ಹತ್ತಿರ ಹತ್ತಿರ ಬರುತ್ತದೆ. ಗಡಿಯಾರ ಹಿಡಿದು ಒಬ್ಬರು ಬರೆಯಲಿ. ಐದು ನಿಮಿಷಕ್ಕೊಮ್ಮೆ, ಒಂದು ನಿಮಿಷದಷ್ಟು ಹೊತ್ತು, ಒಂದು ಗಂಟೆಯಿಂದ ಹೀಗೇ ಇದ್ದರೆ ಹೊರಡಿ. ಆಸ್ಪತ್ರೆ ದೂರ ಇದ್ದರೆ ಅಲ್ಲಿಯವರೆಗೆ ಕಾಯಬೇಡಿ. ನೀರು ಒಡೆದರೆ ನೋವಿಲ್ಲದಿದ್ದರೂ ಹೊರಡಿ. "ಇನ್ನೂ ಟೈಮಿದೆ, ಮನೆಗೆ ಹೋಗಿ" ಅಂತ ವಾಪಸ್ ಕಳಿಸಿದರೆ ಅದು ಅವಮಾನವಲ್ಲ. ಮತ್ತೆ ಹೋಗಿ.

ಚೊಚ್ಚಲ ಹೆರಿಗೆ ನಿಧಾನ. ನೋವು ಶುರುವಾಗಿ ಮಗು ಕೈಗೆ ಬರಲು ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ದಿನವೂ ಆಗಬಹುದು. ಶುರುವಿನ ಹೊತ್ತನ್ನು ಓಡಾಡುತ್ತಾ, ಗೋಡೆಗೆ ಕೈಕೊಟ್ಟು ಬಾಗಿ ನಿಂತು, ಬಿಸಿನೀರು ಸೊಂಟಕ್ಕೆ ಹಾಕಿಕೊಂಡು ಕಳೆಯಿರಿ. ನೋವು ಬಂದಾಗ ಬಾಯಿಂದ ಉದ್ದಕ್ಕೆ ಉಸಿರು ಬಿಡಿ. ಡಾಕ್ಟರ್ ಬೇಡ ಅನ್ನುವವರೆಗೆ ಗಂಜಿ, ಎಳನೀರು ಗುಟುಕು ಗುಟುಕಾಗಿ ಕುಡಿಯಿರಿ. ಕೂಗಬೇಕು ಅನ್ನಿಸಿದರೆ ಕೂಗಿ. ಯಾರಾದರೂ ಗದರಿದರೆ ಜೊತೆಗಿದ್ದವರು ನಿಮ್ಮ ಪರ ಮಾತಾಡಲಿ, ಅದಕ್ಕೇ ಅವರು ಅಲ್ಲಿರುವುದು. 41 ವಾರವಾದರೂ ನೋವು ಬರದಿದ್ದರೆ ನೋವು ಬರಿಸುವ ಬಗ್ಗೆ ಡಾಕ್ಟರ್ ಮಾತಾಡುತ್ತಾರೆ. ಹರಳೆಣ್ಣೆ ಕುಡಿಯುವ ಮನೆಮದ್ದಿಗೆ ಹೋಗಬೇಡಿ.

10. ಮೊದಲ ಒಂದು ಗಂಟೆ

ಮಗು ಅತ್ತ ಕೂಡಲೇ ಒರೆಸಿ ನಿಮ್ಮ ಬರಿ ಎದೆಯ ಮೇಲೆ ಹಾಕಲು ಕೇಳಿ. ಇದನ್ನು ಮುಂಚೆಯೇ ಹೇಳಿಡಿ, ಆ ಹೊತ್ತಿಗೆ ನಿಮಗೆ ನೆನಪಿರುವುದಿಲ್ಲ. ಒಂದು ಗಂಟೆಯೊಳಗೆ ಮೊಲೆ ಕೊಡಿ. ಸಿಸೇರಿಯನ್ ಆದರೂ ನರ್ಸ್ ಸಹಾಯದಿಂದ ಆಗುತ್ತದೆ. ಮೊದಲು ಬರುವ ಹಳದಿ ಹಾಲು ಚಮಚದಷ್ಟೇ ಇರಬಹುದು. ಅದನ್ನು ಹಿಂಡಿ ಚೆಲ್ಲುವ ಪದ್ಧತಿ ಕೆಲವು ಕಡೆ ಇದೆ. ಚೆಲ್ಲಬೇಡಿ, ಮಗುವಿಗೆ ರೋಗ ತಡೆಯುವ ಶಕ್ತಿ ಅದರಲ್ಲೇ ಇದೆ. ಮಗುವಿನ ಹೊಟ್ಟೆಗೂ ಅಷ್ಟು ಸಾಕು. ಜೇನುತುಪ್ಪ, ಸಕ್ಕರೆ ನೀರು, ಬಜೆ ಬೇಡ. ಅಜ್ಜಿಗೆ ಈ ಮಾತು ನೀವು ಹೇಳಿದರೆ ಬೇಸರವಾಗಬಹುದು. ತವರಿಗೆ ಬಂದ ವಾರವೇ ಅಜ್ಜಿಯನ್ನೂ ಒಂದು ಚೆಕಪ್‌ಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಹೇಳಿಸಿ. ನಮ್ಮಜ್ಜಿ ಹಾಗೆ ಕೇಳಿಸಿಕೊಂಡು ಬಂದವರು, ಆಮೇಲೆ ಬೆಳ್ಳಿ ಬಟ್ಟಲಲ್ಲಿ ಜೇನು ತಂದ ನೆಂಟರನ್ನು ಬಾಗಿಲಲ್ಲೇ ತಡೆದರು.

ಡಿಸ್ಚಾರ್ಜ್ ದಿನ ಜನನ ನೋಂದಣಿ ಆಗಿದೆಯಾ ಕೇಳಿ. 21 ದಿನದೊಳಗೆ ಆಗಬೇಕು. ಮಗು ಹುಟ್ಟಿದ ಊರಲ್ಲೇ ನೋಂದಣಿ ಆಗುವುದರಿಂದ, ಗಂಡನ ಮನೆಗೆ ವಾಪಸ್ ಹೊರಡುವ ಮುಂಚೆ ಪ್ರಮಾಣಪತ್ರ ತೆಗೆದುಕೊಂಡು, ಅದೇ ಫೈಲಿನಲ್ಲಿ ತಾಯಿ ಕಾರ್ಡಿನ ಹಿಂದೆ ಇಡಿ.